ನಡಾವಳಿಯಲ್ಲಿ ನಾನು ಬರೆಯದೆ ಬಿಟ್ಟ ಮಾತು

ನಮ್ಮೂರ ಶಾಸನದ ಕಲ್ಲು ತೊಳೆಯಲು ಕಾರು ತೊಳೆಯುವ ಪ್ರೆಶರ್ ಮೆಷಿನ್ ತರಿಸಿದ್ದು ನಾನೇ. ಬಾಡಿಗೆ 500 ರೂಪಾಯಿಗೆ ಓಚರ್ ಬರೆದು ಸಹಿ ಹಾಕಿದ್ದೂ ನಾನೇ. ಹಾಗಾಗಿ ಇದನ್ನು ಬೇರೆ ಯಾರ ತಲೆಗೂ ಕಟ್ಟದೆ ಬರೆಯುತ್ತಿದ್ದೇನೆ.

ಹಾಸನ ಜಿಲ್ಲೆಯ ಸಣ್ಣ ಊರು ನಮ್ಮದು. ಹೊಯ್ಸಳರ ಕಾಲದ ಒಂದು ಏಕಕೂಟ ಗುಡಿ, ಅಂದರೆ ಒಂದೇ ಗರ್ಭಗುಡಿಯದ್ದು, ಇದೆ. ಅದನ್ನು ನೋಡಿಕೊಳ್ಳಲು ಊರಿನವರು ಕಟ್ಟಿಕೊಂಡ ಬಳಗಕ್ಕೆ ನಾನು ಕಾರ್ಯದರ್ಶಿ. ಸಂಬಳ ಇಲ್ಲದ ಕೆಲಸ. ತಿಂಗಳ ಮೊದಲ ಭಾನುವಾರ ಮೀಟಿಂಗ್, ಕೋರಂ ಆಗದಿದ್ದರೆ ಮನೆಮನೆಗೆ ಹೋಗಿ ಸಹಿ, ಏಪ್ರಿಲ್ ಬಂತೆಂದರೆ ಆಡಿಟರ್ ಹಿಂದೆ ಓಡಾಟ, ನಡುವೆ ಯಾರೋ ದಾನಿಗೆ ತೆರಿಗೆ ವಿನಾಯಿತಿಯ ರಸೀದಿ ಸಿಕ್ಕಿಲ್ಲ ಅಂತ ರಾತ್ರಿ ಹತ್ತಕ್ಕೆ ಫೋನ್. ಇದೆಲ್ಲ ಇಷ್ಟವಿದ್ದೇ ಮಾಡುತ್ತೇನೆ. ಚಿಕ್ಕವನಿದ್ದಾಗ ಆ ಗುಡಿಯ ಜಗುಲಿಯ ಮೇಲೇ ಕೂತು ಮಗ್ಗಿ ಬಾಯಿಪಾಠ ಮಾಡಿದವನು ನಾನು.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ನಮ್ಮ ಗುಡಿ ಆ ಪಟ್ಟಿಯಲ್ಲಿಲ್ಲ, ಆದರೆ ಆ ಖುಷಿ ನಮ್ಮೂರಿಗೂ ಬಂತು. ದಾನಿಗಳು ತಾವಾಗಿಯೇ ಫೋನ್ ಮಾಡತೊಡಗಿದರು. ರಾಜ್ಯೋತ್ಸವಕ್ಕೆ ಒಂದಷ್ಟು ಜನ ಬಂದು ನೋಡುತ್ತಾರೆ ಅಂತಾಯಿತು. ಅಷ್ಟೊತ್ತಿಗೆ ಎಲ್ಲ ಚೆನ್ನಾಗಿ ಕಾಣಬೇಕು ಎಂದು ಅಧ್ಯಕ್ಷರ ಅವಸರ. ನಮ್ಮಲ್ಲಿ ಯಾವಾಗಲೂ ಹೀಗೇ. ಸೋರುವ ಮಾಳಿಗೆಗೆ ಗಾರೆ ಹಾಕಿಸೋಣ ಎಂದರೆ ಆರು ತಿಂಗಳು ಚರ್ಚೆ. ಫೋಟೋದಲ್ಲಿ ಕಾಣುವ ಕೆಲಸವಾದರೆ ಒಂದೇ ದಿನದಲ್ಲಿ ವಾಟ್ಸ್ಯಾಪ್‌ನಲ್ಲೇ ತೀರ್ಮಾನ.

ಗುಡಿ ರಾಜ್ಯ ಸಂರಕ್ಷಿತ ಸ್ಮಾರಕ. ಪುರಾತತ್ವ ಇಲಾಖೆಯನ್ನು ಕೇಳದೆ ಒಂದು ಮೊಳೆ ಹೊಡೆಯುವಂತಿಲ್ಲ, ಅದು ನಮಗೆಲ್ಲ ಗೊತ್ತು. ಆದರೆ ಒಂದು ಶಾಸನದ ಕಲ್ಲು ಬೇಲಿಯಿಂದ ಹೊರಗೆ, ಅರಳಿಕಟ್ಟೆಯ ಪಕ್ಕ ನಿಂತಿದೆ. ಎದೆಮಟ್ಟದ ಬಳಪದ ಕಲ್ಲು. ಮೈತುಂಬ ಬಿಳಿ, ಹಳದಿ ಕಲ್ಲುಹೂವು ಹತ್ತಿ ಅಕ್ಷರಗಳೇ ಕಾಣುತ್ತಿರಲಿಲ್ಲ. ಬೇಲಿಯ ಹೊರಗಿದೆ ತಾನೇ, ತೊಳೆಯಲು ಯಾರ ಅನುಮತಿ ಬೇಕು ಅಂದುಕೊಂಡೆ.

ಮೀಟಿಂಗ್‌ನಲ್ಲಿ ಒಬ್ಬರು ಮಾತ್ರ ಬೇಡ ಎಂದರು. ರಿಟೈರ್ಡ್ ಮೇಷ್ಟ್ರು, ನಮ್ಮಲ್ಲೆಲ್ಲ ಹಿರಿಯರು. "ಆ ಕಲ್ಲು ಕೆಳಗಡೆ ಮೆತ್ತಗಾಗಿದೆ, ನೀರಿನ ಹೊಡೆತ ತಡೆಯಲ್ಲ. ಇಲಾಖೆಯವರಿಗೆ ಒಂದು ಕಾಗದ ಬರೀರಿ, ಒಂದು ತಿಂಗಳು ತಡ ಆದರೆ ಆಗಲಿ" ಎಂದರು. ಅವರು ಎಲ್ಲದಕ್ಕೂ ಹೀಗೆ ಅಡ್ಡ ಹೇಳುತ್ತಾರೆ ಎಂಬ ಅಭಿಪ್ರಾಯ ನಮ್ಮಲ್ಲಿತ್ತು. ನನಗೂ ಇತ್ತು. ಗಂಟೆ ಒಂದಾಗಿತ್ತು, ಎಲ್ಲರಿಗೂ ಊಟದ ಹೊತ್ತು. ನಡಾವಳಿ ಪುಸ್ತಕದಲ್ಲಿ ನಾನು ಬರೆದದ್ದು ಒಂದೇ ಸಾಲು: "ಶಾಸನದ ಕಲ್ಲನ್ನು ಸ್ವಚ್ಛಗೊಳಿಸುವ ಕುರಿತು ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಮೇಷ್ಟ್ರು ಅದನ್ನು ಓದಿದರು. ಏನೂ ಹೇಳದೆ ಸಹಿ ಹಾಕಿ ಎದ್ದು ಹೋದರು.

ಅಕ್ಟೋಬರ್ 29, ಭಾನುವಾರ ಬೆಳಗ್ಗೆ ಮೆಷಿನ್ ಬಂತು. ಅದರ ಮೈಮೇಲೆ ನೀರಿನ ಒತ್ತಡ 120 ಬಾರ್ ಎಂದು ಬರೆದಿತ್ತು. ಆ ಸಂಖ್ಯೆ ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ. ಹುಡುಗ ಮೇಲಿನಿಂದ ಶುರು ಮಾಡಿದ. ಕಲ್ಲುಹೂವು ಸಿಪ್ಪೆಯ ಹಾಗೆ ಎದ್ದು ಬಂತು, ಅದರಡಿಯಿಂದ ಕಪ್ಪು ಹಸಿರು ಕಲ್ಲು, ಅದರಲ್ಲಿ ದುಂಡಗಿನ ಅಕ್ಷರಗಳು. ಸುತ್ತ ನಿಂತವರೆಲ್ಲ ಚಪ್ಪಾಳೆ ಹೊಡೆದರು. ನನಗೂ ಮೈ ಜುಮ್ಮೆಂದಿತು. ಎಂಟುನೂರು ವರ್ಷದ ಹಿಂದಿನ ಕೈಬರಹ ಕಣ್ಣೆದುರು ತೆರೆದುಕೊಂಡರೆ ಯಾರಿಗೆ ಖುಷಿಯಾಗಲ್ಲ?

ಕೆಳಗಿನ ಸಾಲುಗಳಲ್ಲಿ ಕೊಳೆ ಜಾಸ್ತಿ ಇತ್ತು. ಹುಡುಗ ಪೈಪನ್ನು ಒಂದು ಮಾರು ದೂರದಲ್ಲೇ ಹಿಡಿದಿದ್ದ. "ಇನ್ನೂ ಸ್ವಲ್ಪ ಹತ್ತಿರ ಹಿಡಿ" ಎಂದೆ. ಅವನು ಒಂದು ಸಲ ನನ್ನ ಮುಖ ನೋಡಿದ. "ಸಾರ್, ಪೇಂಟ್ ಎದ್ದು ಬರುತ್ತೆ ಅಂತ ಕಾರಿಗೇ ಇಷ್ಟು ಹತ್ತಿರ ಹಿಡಿಯಲ್ಲ" ಎಂದ. ಕಲ್ಲಿಗೇನಾಗುತ್ತೆ ಹಿಡಿಯಪ್ಪ ಎಂದೆ. ಹಿಡಿದ.

ಸದ್ದು ಬದಲಾಯಿತು. ಮೊದಲು ಚರ್ರ್ ಎನ್ನುತ್ತಿದ್ದದ್ದು ಟಪ್ ಎಂದಿತು. ಕಲ್ಲಿನ ಬುಡದಲ್ಲಿ ನೀರು ಬೂದು ಬಣ್ಣಕ್ಕೆ ತಿರುಗಿತು, ಹಿಟ್ಟು ಕಲಸಿದ ಹಾಗೆ. ನಿಲ್ಲಿಸು ಎಂದು ಕೂಗಿದೆ. ಮೋಟಾರಿನ ಗಲಾಟೆಯಲ್ಲಿ ಅವನಿಗೆ ಕೇಳಿಸಲಿಲ್ಲ. ಓಡಿ ಹೋಗಿ ಕೈ ಹಿಡಿದೆ. ನಾಲ್ಕೈದು ಸೆಕೆಂಡ್ ಅಷ್ಟೇ ಇರಬೇಕು. ಆಮೇಲೆ ಯಾರೂ ಮಾತಾಡಲಿಲ್ಲ. ಕೆಸರಿನಲ್ಲಿ ಕೈಯಾಡಿಸಿದೆ. ಬೆಂಕಿಪೊಟ್ಟಣದಷ್ಟು ಅಗಲದ ಒಂದು ಚಕ್ಕೆ ಸಿಕ್ಕಿತು, ಹಪ್ಪಳದಷ್ಟು ತೆಳು. ಅದರ ಮೇಲೆ ಎರಡು ಅಕ್ಷರ. ಉಳಿದದ್ದು ಪುಡಿಯಾಗಿ ಚರಂಡಿಯ ಕಡೆ ಹರಿದಿತ್ತು.

ಮೇಷ್ಟ್ರಿಗೆ ನಾನೇ ಹೋಗಿ ಹೇಳಿದೆ. ಬೈಯಲಿಲ್ಲ. ಚಪ್ಪಲಿ ಮೆಟ್ಟಿ ಬಂದರು, ಕಲ್ಲಿನ ಮುಂದೆ ಕೂತರು, ಚಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು "ವಿಲೆ" ಎಂದು ಓದಿದರು. ಕಲ್ಲಿನಲ್ಲಿ "ಕ" ಉಳಿದಿತ್ತು. ಕವಿಲೆ, ಅಂದರೆ ಕಪಿಲೆ ಹಸು. ದತ್ತಿ ಶಾಸನಗಳ ಕೊನೆಯಲ್ಲಿ ಬರುತ್ತದಲ್ಲ, ಈ ಧರ್ಮವನ್ನು ಅಳಿದವರು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂದು, ಆ ಸಾಲು. ಆ ಗುಡಿಗೆ ದೀಪದೆಣ್ಣೆ ನಡೆಯಲಿ ಎಂದು ಗದ್ದೆ ಬಿಟ್ಟ ಯಾರೋ ಒಬ್ಬ, ನಮ್ಮಂಥವರಿಗೇ ಬರೆಸಿಟ್ಟ ಎಚ್ಚರಿಕೆ ಅದು. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ.

ಪಠ್ಯ ಕಳೆದುಹೋಗಿಲ್ಲ. ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ನಮ್ಮ ಕಲ್ಲು ಅದರಲ್ಲಿದೆ. ಆ ಸಾಲು ಪೂರ್ತಿ ಅಚ್ಚಾಗಿದೆ, ಒಂದು ಅಕ್ಷರವೂ ಬಿಟ್ಟಿಲ್ಲ. ಎಲ್ಲರೂ ನನಗೆ ಅದನ್ನೇ ಹೇಳಿ ಸಮಾಧಾನ ಮಾಡಿದರು. ನನಗೆ ಅದು ಸಮಾಧಾನವಾಗಲಿಲ್ಲ. 1902ರಲ್ಲಿ ಓದಲು ಬರುತ್ತಿದ್ದದ್ದು ನನ್ನ ಕಾಲದವರೆಗೂ ಗಟ್ಟಿಯಾಗಿ ಬಂದಿತ್ತು ಎಂದೇ ಅಲ್ಲವೇ ಅದರ ಅರ್ಥ?

ಇಲಾಖೆಯಿಂದ ಬಂದವರು ತಾಳ್ಮೆಯಿಂದ ವಿವರಿಸಿದರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ. ಅದಕ್ಕೇ ಹೊಯ್ಸಳ ಶಿಲ್ಪಿಗಳ ಕೈಗೆ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು. ಗಾಳಿಗೆ ಬಿದ್ದ ಮೇಲೆ ಹೊರಗಿನ ಪದರ ಗಟ್ಟಿಯಾಗುತ್ತದೆ. ನೆಲದ ತೇವ ಏರುವ ಬುಡದಲ್ಲಿ ಮಾತ್ರ ಉಪ್ಪು ಕೂತು ಆ ಪದರದ ಹಿಂದೆ ಪೊಳ್ಳಾಗಿರುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ ಎಂದು ತಟ್ಟಿ ತೋರಿಸಿದರು. ಗೋಡೆ ಟೈಲ್ಸ್ ಬಿಟ್ಟಿದೆಯಾ ಅಂತ ತಟ್ಟಿ ನೋಡುತ್ತೇವಲ್ಲ, ಹಾಗೆ. ಒಂದು ನಿಮಿಷದ ಕೆಲಸ. ಮೆತ್ತನೆ ಒಣ ಬ್ರಷ್, ಚಿಮುಕಿಸುವಷ್ಟು ನೀರು, ಬಿದಿರಿನ ಕಡ್ಡಿ ಸಾಕಿತ್ತು ಎಂದರು. ಹಳ್ಳಿಗಳಲ್ಲಿ ಶಾಸನಗಳಿಗೆ ಸುಣ್ಣ ಬಳಿದದ್ದು, ಆ್ಯಸಿಡ್ ಹಾಕಿ ಉಜ್ಜಿದ್ದು, ಎಲ್ಲ ನೋಡಿದ್ದಾರಂತೆ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿರುತ್ತಾರೆ ಎಂದರು.

ಆದರೆ ನನ್ನನ್ನು ಇವತ್ತಿಗೂ ಚುಚ್ಚುವುದು ಮೆಷಿನ್ ಅಲ್ಲ, ಆ ಪುಸ್ತಕ. ತುರ್ತು ಸಭೆಯಲ್ಲಿ ಅಧ್ಯಕ್ಷರು ನಡಾವಳಿ ತೆಗೆಸಿದರು. "ಸರ್ವಾನುಮತ ಅಂತಿದೆ, ಮೇಷ್ಟ್ರ ಸಹಿಯೂ ಇದೆ, ಎಲ್ಲರ ಜವಾಬ್ದಾರಿ" ಎಂದರು. ನನ್ನ ಕೈಬರಹ ಅದು. ಬೇಡ ಎಂದ ಒಬ್ಬರೇ ಒಬ್ಬರನ್ನು ನಾನು ಆ ಒಂದು ಪದದಿಂದ ತಪ್ಪಿನಲ್ಲಿ ಸೇರಿಸಿಬಿಟ್ಟಿದ್ದೆ. ಎದ್ದು ನಿಂತು, ಮೇಷ್ಟ್ರು ಬೇಡ ಎಂದಿದ್ದರು, ನಾನು ಬರೆಯಲಿಲ್ಲ ಎಂದೆ. ಹಳೆಯ ಪುಟ ತಿದ್ದುವಂತಿಲ್ಲ. ಅವತ್ತಿನ ನಡಾವಳಿಯಲ್ಲೇ ಆ ಮಾತನ್ನು ಸೇರಿಸಿ, ಕೆಳಗೆ ನನ್ನ ಸಹಿ ಮಾತ್ರ ಹಾಕಿದೆ.

ನಿಮ್ಮೂರಲ್ಲೂ ಇಂಥ ಸಮಿತಿ ಇದ್ದರೆ, ನೀವು ಕಾರ್ಯದರ್ಶಿಯಾಗಿದ್ದರೆ, ದಯವಿಟ್ಟು ಬೇಡ ಎಂದವರ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ. ತೊಳೆಯುವ ಮೊದಲು ಫೋಟೋ ತೆಗೆಯಿರಿ, ಆಗುವುದಾದರೆ 3ಡಿ ಸ್ಕ್ಯಾನ್ ಮಾಡಿಸಿ. ಬೆಂಗಳೂರಿನ ಸುತ್ತಮುತ್ತಲ ಶಾಸನಗಳನ್ನು ಅಲ್ಲಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು ಹಾಗೆ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಕಲ್ಲು ಬೇಲಿಯ ಹೊರಗಿದ್ದರೂ ಕೇಳಿಯೇ ಮುಟ್ಟಿ.

ಹೋದ ಭಾನುವಾರ ಮೀಟಿಂಗ್ ಇತ್ತು. ಗುಡಿಯ ಸುತ್ತ ಪಾಲಿಶ್ ಗ್ರಾನೈಟ್ ಹಾಸಿಸಿಕೊಡುತ್ತೇನೆ ಎಂದು ದಾನಿಯೊಬ್ಬರು ಮುಂದೆ ಬಂದಿದ್ದಾರೆ. ಮೇಷ್ಟ್ರು ಬೇಡ ಎಂದರು, ನೆಲದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಗೆ ಏರುತ್ತದೆ ಎಂದು ಹತ್ತು ನಿಮಿಷ ಮಾತಾಡಿದರು. ಗಂಟೆ ಒಂದೂಕಾಲು ಆಗಿತ್ತು. ಒಂದೂವರೆ ಪುಟ ಬರೆದು, ಗಟ್ಟಿಯಾಗಿ ಓದಿ, ಸರಿ ಇದೆಯಾ ಮೇಷ್ಟ್ರೇ ಎಂದು ಕೇಳಿದೆ. ಒಂದು ಪದ ತಿದ್ದಿಸಿದರು. ಗ್ರಾನೈಟ್ ವಿಷಯ ಮುಂದಿನ ತಿಂಗಳಿಗೆ ಹೋಗಿದೆ.