ಎರಡನೆಯ ಹೆಡ್‌ಸೆಟ್

ಈ ಸಲ ನಾನು ರಜೆಗೆ ಬೆಂಗಳೂರಿಗೆ ಬಂದಾಗ, ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೆಲಸಕ್ಕೆ ಆಯ್ಕೆಯಾದ ನನ್ನ ಅಣ್ಣನ ಮಗಳು ನೆಲದಿಂದಲೇ ವಿಮಾನಗಳಿಗೆ ದಾರಿ, ಎತ್ತರ ಹೇಳುವ ಏರ್ ಟ್ರಾಫಿಕ್ ಕಂಟ್ರೋಲರ್ ಆಗುವ ತರಬೇತಿಗೆಂದು ಪ್ರಯಾಗರಾಜ್‌ಗೆ ಹೊರಡುವ ಸಿದ್ಧತೆಯಲ್ಲಿದ್ದಳು. "ಅತ್ತೆ, ತಪ್ಪು ಮಾಡಿದರೆ ಮೇಷ್ಟ್ರು ಕೂಡಲೇ ತಿದ್ದುತ್ತಾರಲ್ಲವೇ?" ಎಂದು ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫ್ರಾಂಕ್‌ಫರ್ಟ್ ಸಮೀಪದ ಲಾಂಗೆನ್‌ನಲ್ಲಿ, ಕಂಟ್ರೋಲರುಗಳು ಕಲಿಯುವ ಸಿಮ್ಯುಲೇಟರಿನ ಹಿಂದಿನ ಕೋಣೆಯಲ್ಲಿ ಕುಳಿತು ಪೈಲಟ್ಟುಗಳ ಪರವಾಗಿ ಮಾತನಾಡುವುದು ನನ್ನ ಕೆಲಸ. ಕಂಟ್ರೋಲರ್ ಕೊಟ್ಟ ಆದೇಶವನ್ನು ಪೈಲಟ್ ಹಾಗೆಯೇ ಮರುನುಡಿಯಬೇಕು, ಅದು ಸರಿಯಿದೆಯೇ ಎಂದು ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು. ಒಮ್ಮೆ ತರಬೇತುದಾರರು ಅಭ್ಯಾಸಕ್ಕೆ ಮುಂಚೆಯೇ ನನಗೆ ಗುಟ್ಟಾಗಿ ಸೂಚನೆ ಕೊಟ್ಟಿದ್ದರು. ಅದರಂತೆ, 12,000 ಅಡಿಗೆ ಇಳಿಯಿರಿ ಎಂದು ಕಲಿಯುತ್ತಿದ್ದ ಹುಡುಗ ಹೇಳಿದಾಗ ನಾನು 11,000 ಎಂದು ಮರುನುಡಿದೆ. ಆ ಎತ್ತರದಲ್ಲಿ ಆಗಲೇ ಇನ್ನೊಂದು ವಿಮಾನವಿತ್ತು. ಹುಡುಗ ಗಮನಿಸಲಿಲ್ಲ. ಅವನ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದ ತರಬೇತುದಾರರು ತುಟಿ ಬಿಚ್ಚಲಿಲ್ಲ. ಪರದೆಯ ಮೇಲೆ ಎಚ್ಚರಿಕೆ ಮಿನುಗಿದ ಮೇಲಷ್ಟೇ ಅಭ್ಯಾಸವನ್ನು ನಿಲ್ಲಿಸಿ, ನನ್ನನ್ನೂ ಕರೆದು, ಧ್ವನಿಮುದ್ರಣವನ್ನು ಹಾಕಿದರು. ಮೊದಲ ಸಲ ಕೇಳಿದಾಗಲೂ ಹುಡುಗ "ಸರಿಯಾಗಿಯೇ ಹೇಳಿದ್ದಾರೆ" ಎಂದ. ಎರಡನೆಯ ಸಲಕ್ಕೆ ಅವನ ಮುಖ ಬಿಳುಪೇರಿತು. ತಾನು ಹೇಳಿದ್ದನ್ನೇ ಕಿವಿ ಕೇಳಿಸಿಕೊಳ್ಳುತ್ತದೆ ಎಂಬುದನ್ನು ಯಾವ ಉಪನ್ಯಾಸವೂ ಅವನಿಗೆ ಅಷ್ಟು ಚೆನ್ನಾಗಿ ಮನಗಾಣಿಸುತ್ತಿರಲಿಲ್ಲ.

ನಿಜವಾದ ವಿಮಾನಗಳ ಮುಂದೆ ಇಷ್ಟು ಹೊತ್ತು ಕಾಯುವಂತಿಲ್ಲ. ಅಲ್ಲಿ ಕಲಿಯುವವರು ಮಾತನಾಡುತ್ತಿದ್ದರೂ ಹೊಣೆ ಎರಡನೆಯ ಹೆಡ್‌ಸೆಟ್ ಧರಿಸಿ ಪಕ್ಕದಲ್ಲಿರುವ ತರಬೇತುದಾರರದೇ. ಅವರು ಯಾವ ಕ್ಷಣದಲ್ಲಾದರೂ ಮಾತನ್ನು ತಮ್ಮ ಕೈಗೆ ತೆಗೆದುಕೊಳ್ಳಬಲ್ಲರು. ಬೇಗ ಬಾಯಿ ಹಾಕಿದರೆ ಶಿಷ್ಯ ತಾನಾಗಿ ತಿದ್ದಿಕೊಳ್ಳುವುದನ್ನು ಕಲಿಯುವುದೇ ಇಲ್ಲ, ತಡಮಾಡಿದರೆ ವಿಮಾನಗಳ ನಡುವಿನ 1,000 ಅಡಿ ಅಂತರ ಕರಗುತ್ತದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ, 15,000 ಅಡಿಯಲ್ಲೇ ಉಳಿಯಬೇಕಿದ್ದ ಕಜಕಸ್ತಾನದ ವಿಮಾನ ಅದಕ್ಕಿಂತ ಕೆಳಗಿಳಿದು 14,000 ಅಡಿಯಲ್ಲಿದ್ದ ಸೌದಿ ವಿಮಾನಕ್ಕೆ ಡಿಕ್ಕಿ ಹೊಡೆದು 349 ಮಂದಿ ಸತ್ತರು. ಅಲ್ಲಿ ತಪ್ಪು ಕಂಟ್ರೋಲರರದಾಗಿರಲಿಲ್ಲ. ಆದರೂ 1,000 ಅಡಿಯೆಂದರೆ ಎಷ್ಟು ಎಂಬುದನ್ನು ಅವಳಿಗೆ ಹೇಳಲು ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಅವಳು ನನ್ನನ್ನು ಅಡುಗೆಮನೆಗೆ ಕಳಿಸಿ, ಬಾಗಿಲಿನಾಚೆಯಿಂದ ಆದೇಶಗಳನ್ನು ಕೊಡತೊಡಗಿದಳು. ಏಳನೆಯದರಲ್ಲಿ ನಾನು ಒಂದು ಅಂಕಿಯನ್ನು ಬದಲಿಸಿ ಮರುನುಡಿದೆ. ಅವಳು ಗಮನಿಸದೆ ಎಂಟನೆಯದಕ್ಕೆ ಹೋದಳು. ನಾನೂ ಹೇಳಲಿಲ್ಲ.