ಒಂದು ಹೆಡರ್, ಮೂರು ಟ್ರೀ: ಪವರ್ ಚಿಪ್ ಡ್ರೈವರ್, ನಾಲ್ಕನೇ ಸುತ್ತು

ನನ್ನ ಪವರ್ ಚಿಪ್ ಡ್ರೈವರ್ ಕೊನೆಗೂ ಲಿನಕ್ಸ್-ನೆಕ್ಸ್ಟ್‌ಗೆ (ಲಿನಕ್ಸ್ ಕರ್ನಲ್‌ನ ಮುಂದಿನ ಆವೃತ್ತಿಗೆ ಹೋಗುವ ಕೋಡನ್ನೆಲ್ಲ ಒಟ್ಟು ಸೇರಿಸಿ ಪರೀಕ್ಷಿಸುವ ಜಾಗ) ಬಂತು! ನಿನ್ನೆ ರಾತ್ರಿ ಅದನ್ನೇ ಬೋರ್ಡ್‌ಗೆ ಹಾಕಿ ಬೂಟ್ ಮಾಡಿದೆ. ಲಾಗ್‌ನಲ್ಲಿ ಮೂರೂ ಡ್ರೈವರ್ ಒಂದರ ಹಿಂದೆ ಒಂದು ಎದ್ದವು. ಎಷ್ಟು ಖುಷಿಯಾಯ್ತು ಅಂದ್ರೆ, ಮಲಗಿದ್ದ ತಮ್ಮನನ್ನು ಎಬ್ಬಿಸಿ ತೋರಿಸಿದೆ.

ರೆಜಿಸ್ಟರ್ ಮ್ಯಾಪ್, ಡಿವೈಸ್ ಟ್ರೀ ಬೈಂಡಿಂಗ್ ಅಂಥ ಹಾರ್ಡ್‌ವೇರ್ ವಿವರಗಳು ಇಲ್ಲಿ ಬೇಡ, ಬಿಡಿ. ತಿಂಗಳುಗಟ್ಟಲೆ ತಿಂದಿದ್ದು ಪ್ಯಾಚ್‌ಗಳ (ಕೋಡ್ ಬದಲಾವಣೆಗಳ) ಸರದಿ.

ಚಿಪ್ ಒಂದೇ. ಆದರೆ ಕರ್ನಲ್‌ನ ಒಂದೊಂದು ಭಾಗಕ್ಕೂ ಬೇರೆ ಬೇರೆಯವರು ನೋಡಿಕೊಳ್ಳುವ ಕೋಡ್ ಟ್ರೀ ಇದೆ: ಕೋರ್ ಡ್ರೈವರ್ ಹೋಗುವುದು ಎಂಎಫ್‌ಡಿ (ಹಲವು ಕೆಲಸ ಮಾಡುವ ಚಿಪ್‌ಗಳ) ಟ್ರೀಗೆ, ವೋಲ್ಟೇಜ್ ನೋಡಿಕೊಳ್ಳುವುದು ರೆಗ್ಯುಲೇಟರ್ ಟ್ರೀಗೆ, ಪಿನ್‌ಗಳದ್ದು ಜಿಪಿಐಒ ಟ್ರೀಗೆ. ಕೋರ್‌ನ ಹೆಡರ್ (ಮೂರಕ್ಕೂ ಬೇಕಾದ ಘೋಷಣೆಗಳಿರುವ ಫೈಲ್) ಇಲ್ಲದೆ ಉಳಿದ ಎರಡು ಕಂಪೈಲ್ ಆಗುವುದಿಲ್ಲ.

ಮೊದಲ ಸಲ ಮೂರನ್ನೂ ಬಿಡಿಬಿಡಿಯಾಗಿ ಕಳಿಸಿದೆ. ಕೆಕಾನ್ಫಿಗ್‌ನಲ್ಲಿ (ಯಾವುದು ಯಾವಾಗ ಬಿಲ್ಡ್ ಆಗಬೇಕು ಅಂತ ಹೇಳುವ ಫೈಲ್) 'ಕೋರ್ ಬೇಕು' ಅಂತಷ್ಟೇ ಇದ್ದಿದ್ದರೆ, ಕೋರ್ ಬರುವ ತನಕ ಉಳಿದವು ಬಿಲ್ಡ್‌ಗೇ ಸೇರುತ್ತಿರಲಿಲ್ಲ. ನಾನು ಪಕ್ಕದಲ್ಲೇ 'ಅಥವಾ ಕಂಪೈಲ್ ಟೆಸ್ಟ್' (ಬರೀ ಪರೀಕ್ಷೆಗೆ ಕಂಪೈಲ್ ಮಾಡುವ ಆಯ್ಕೆ) ಅಂತ ಸೇರಿಸಿದ್ದೆ. ಟೆಸ್ಟ್ ರೋಬಾಟ್ ಆ ದಾರಿ ಹಿಡಿದು ಬಿಲ್ಡ್ ಮಾಡಿತು, ಹೆಡರ್ ಸಿಗಲಿಲ್ಲ, ಬೆಳಿಗ್ಗೆ ಏಳುವಷ್ಟರಲ್ಲಿ ಮೇಲ್ ಬಂದಿತ್ತು.

ಎರಡನೇ ಸಲ ಎಲ್ಲವನ್ನೂ ಒಂದೇ ಸೀರೀಸ್ ಮಾಡಿ, ಎಂಎಫ್‌ಡಿಯೇ ತೆಗೆದುಕೊಳ್ಳಲಿ ಅಂದುಕೊಂಡೆ. ಆದರೆ ನನ್ನ ಪಿನ್ ಡ್ರೈವರ್ ಬಳಸುತ್ತಿದ್ದ ಒಂದು ಫಂಕ್ಷನ್ ಇನ್ನೂ ಜಿಪಿಐಒ ಟ್ರೀಯಲ್ಲಿ ಮಾತ್ರ ಇತ್ತು! ಮೂರನೇ ಸಲ ಲಿನಕ್ಸ್-ನೆಕ್ಸ್ಟ್ ಮೇಲೆ ಕಟ್ಟಿದೆ. ಅದನ್ನು ಹೊಸ ಹೊಸದಾಗಿ ಜೋಡಿಸುತ್ತಲೇ ಇರುತ್ತಾರೆ, ಹಾಗಾಗಿ ಅದರ ಮೇಲೆ ಕೂತ ಪ್ಯಾಚ್ ಯಾರ ಟ್ರೀಗೂ ಸರಿಯಾಗಿ ಕೂರಲಿಲ್ಲ.

ಸುಮ್ನೆ ಕಾಯಬಹುದಿತ್ತು. ಕೋರ್ ಈ ಮರ್ಜ್ ವಿಂಡೋದಲ್ಲಿ (ಮುಖ್ಯ ಕರ್ನಲ್ ಹೊಸ ಕೋಡ್ ತೆಗೆದುಕೊಳ್ಳುವ ಅವಧಿ), ಮಿಕ್ಕಿದ್ದು ಮುಂದಿನದರಲ್ಲಿ. ಅಂದರೆ ಇನ್ನೂ 9-10 ವಾರ.

ಈ ಗಂಟು ಬಿಡಿಸಿದ್ದು ಇಮ್ಯುಟಬಲ್ ಬ್ರಾಂಚ್, ಅಂದರೆ ಬದಲಿಸಬಾರದ ಶಾಖೆ. ಎಂಎಫ್‌ಡಿಯವರು ಕೋರ್ ಪ್ಯಾಚ್‌ಗಳನ್ನಷ್ಟೇ ಆರ್‌ಸಿ1 (ಮರ್ಜ್ ವಿಂಡೋ ಮುಗಿದಾಗ ಬರುವ ಮೊದಲ ಪರೀಕ್ಷಾ ಆವೃತ್ತಿ) ಮೇಲೆ ಬೇರೆ ಬ್ರಾಂಚ್‌ನಲ್ಲಿಟ್ಟು, ಸಹಿ ಮಾಡಿದ ಟ್ಯಾಗ್ ಹಾಕುತ್ತಾರೆ. ಆಮೇಲೆ ಯಾರೂ ಅದನ್ನು ಮುಟ್ಟುವಂತಿಲ್ಲ, ರೀಬೇಸ್ (ಬೇರೆ ಬುಡದ ಮೇಲೆ ಮತ್ತೆ ಕಟ್ಟುವುದು) ಅಂತೂ ಇಲ್ಲವೇ ಇಲ್ಲ. ಉಳಿದ ಇಬ್ಬರು ಅದನ್ನು ಪುಲ್ ಮಾಡಿಕೊಂಡು ಅದರ ಮೇಲೆ ತಮ್ಮ ಪ್ಯಾಚ್ ಹಾಕುತ್ತಾರೆ. ಮೂರೂ ಕಡೆ ಕಮಿಟ್ ಹ್ಯಾಶ್ (ದಾಖಲಾದ ಬದಲಾವಣೆಯ ಗುರುತು) ಒಂದೇ, ಹಾಗಾಗಿ ಕೊನೆಗೆ ಮೇನ್‌ಲೈನ್‌ನಲ್ಲಿ (ಮುಖ್ಯ ಕರ್ನಲ್ ಟ್ರೀ) ಸೇರಿದಾಗ, ಕೋಡ್ ಇತಿಹಾಸ ಇಡುವ ಗಿಟ್‌ಗೆ ಅದು ಒಂದೇ ಕಮಿಟ್. ಚೆರಿ-ಪಿಕ್ ಮಾಡಿದ್ದರೆ (ಕಮಿಟ್‌ನ ನಕಲು ತಂದಿದ್ದರೆ) ಹ್ಯಾಶ್ ಬದಲಾಗಿ, ಅದೇ ಪ್ಯಾಚ್ ಇತಿಹಾಸದಲ್ಲಿ ಎರಡೆರಡು ಸಲ ಕೂರುತ್ತಿತ್ತು. ಎಷ್ಟು ಅಚ್ಚುಕಟ್ಟು ಅಲ್ವಾ?

ಈ ಸಲ ಕವರ್ ಲೆಟರ್‌ನ ಮೊದಲ ಸಾಲಲ್ಲೇ ಬರೆದೆ: ಪ್ಯಾಚ್ 1 ಮತ್ತು 2 ಎಂಎಫ್‌ಡಿಗೆ, 3 ರೆಗ್ಯುಲೇಟರ್‌ಗೆ, 4 ಜಿಪಿಐಒಗೆ, ದಯವಿಟ್ಟು ಬ್ರಾಂಚ್ ಹಂಚಿಕೊಳ್ಳಿ. ಫಾರ್ಮ್ಯಾಟ್-ಪ್ಯಾಚ್‌ಗೆ (ಪ್ಯಾಚ್‌ಗಳನ್ನು ಮೇಲ್ ರೂಪಕ್ಕೆ ತರುವ ಗಿಟ್ ಕಮಾಂಡ್) ಬೇಸ್ ಆಪ್ಷನ್ ಕೊಟ್ಟೆ, ಯಾವ ಕಮಿಟ್ ಮೇಲೆ ಕಟ್ಟಿದ್ದು ಅಂತ ಹೇಳುವ ಬೇಸ್-ಕಮಿಟ್ ಸಾಲು ಕೆಳಗೆ ತಾನಾಗಿ ಬಂತು. ಕಳಿಸುವ ಮೊದಲು ಪ್ರತಿ ಕಮಿಟ್ ಮೇಲೂ ಒಂದೊಂದು ಸಲ ಮೇಕ್ (ಬಿಲ್ಡ್ ಮಾಡುವ ಕಮಾಂಡ್) ಓಡಿಸಿದೆ. ನಡುವೆ ಒಂದು ಕಮಿಟ್ ಬಿಲ್ಡ್ ಆಗದಿದ್ದರೂ, ನಾಳೆ ಬೈಸೆಕ್ಟ್ ಮಾಡುವವರು (ದೋಷ ತಂದ ಕಮಿಟ್ ಯಾವುದು ಅಂತ ಇತಿಹಾಸವನ್ನು ಅರ್ಧರ್ಧ ಮಾಡಿ ಹುಡುಕುವವರು) ಅಲ್ಲೇ ಸಿಕ್ಕಿಬೀಳುತ್ತಾರೆ.

ಬೋರ್ಡ್ ಮಾರಿದವರ ಮೇಲೆ ಮಾತ್ರ ಸಿಟ್ಟು ಇಳಿದಿಲ್ಲ. ಎರಡನೇ ಬೋರ್ಡ್‌ನಲ್ಲಿ ಹಳೇ ರಿವಿಷನ್ ಚಿಪ್ ಹಾಕಿ, ಮೇಲೆ ಹೊಸದರ ಸ್ಟಿಕ್ಕರ್ ಅಂಟಿಸಿದ್ದಾರೆ. ಐಡಿ ರೆಜಿಸ್ಟರ್ ಓದಿದ ಮೇಲೆ ಗೊತ್ತಾಯ್ತು. ಒಂದು ಇಡೀ ಶನಿವಾರ ಹೋಯ್ತು.

ಇದೇ ಚಿಪ್‌ನಲ್ಲಿ ಬ್ಯಾಟರಿ ಗೇಜ್ ಕೂಡ ಇದೆ. ಅದು ಪವರ್ ಸಪ್ಲೈ ಟ್ರೀಗೆ ಹೋಗಬೇಕು. ಕೋರ್ ಮೇನ್‌ಲೈನ್ ಸೇರಿ ಮುಂದಿನ ಆರ್‌ಸಿ1 ಬಂದ ದಿನವೇ ಕಳಿಸುತ್ತೇನೆ. ಹೆಡರ್ ಆಗಲೇ ಅಲ್ಲಿರುತ್ತದೆ.