ದೀಪ ಆರಿದರೆ ಮುಷ್ಕರ ಹೂಡುವ ಕ್ಯೂಆರ್ ಕೋಡ್

ಸಿಕ್ಕಿತು! ಮೂರು ವಾರ ನನ್ನ ತಲೆ ತಿಂದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಅವನು ಪ್ರೋಗ್ರಾಮ್‌ನಲ್ಲಿ ಇರಲಿಲ್ಲ, ಸರ್ವರ್‌ನಲ್ಲೂ ಇರಲಿಲ್ಲ. ಸ್ಟಿಕ್ಕರ್ ಮೇಲಿನ ಲ್ಯಾಮಿನೇಷನ್ ಹಾಳೆಯಲ್ಲಿ ಆರಾಮಾಗಿ ಕೂತಿದ್ದ.

ಕೆಲಸ ಏನು ಅಂತ ನೆನಪಿಲ್ಲದವರಿಗೆ: ಬೌಲಿಂಗ್ ಆಲಿಯ ಪ್ರತಿ ಲೇನ್‌ನ ಮೇಜಿಗೂ ಒಂದೊಂದು ಕ್ಯೂಆರ್. ಸ್ಕ್ಯಾನ್ ಮಾಡಿ ಬಟನ್ ಒತ್ತಿದರೆ ಇಪ್ಪತ್ತು ಸೆಕೆಂಡಿನ ದನಿ. ಎಷ್ಟು ತೂಕದ ಚೆಂಡು ಎತ್ತಿಕೊಳ್ಳಬೇಕು, ಎಸೆಯುವಾಗ ದಾಟಬಾರದ ಫೌಲ್ ಲೈನ್ ತುಳಿದರೆ ಏನು, ಸ್ಟ್ರೈಕ್ (ಮೊದಲ ಎಸೆತಕ್ಕೇ ಎಲ್ಲ ಪಿನ್ ಬೀಳಿಸುವುದು) ಹೊಡೆದರೂ ಸ್ಕೋರ್ ಮನೆ ಖಾಲಿ ಯಾಕೆ. ಈ ಕೊನೆಯದಕ್ಕೇ ಗಿರಾಕಿ ಜಾಸ್ತಿ. ಮುಂದಿನ ಎರಡು ಎಸೆತದ ಪಿನ್‌ಗಳೂ ಸೇರಬೇಕು, ಅದಕ್ಕೇ ಕಾಯುತ್ತದೆ ಅಂದರೆ ಹೊಸಬರು ಸಮಾಧಾನವಾಗುತ್ತಾರೆ. ಮೆಷಿನ್ ಕೆಟ್ಟಿದೆ ಅಂತ ಕೌಂಟರ್‌ಗೆ ಓಡುವುದು ತಪ್ಪುತ್ತದೆ.

ರೆಕಾರ್ಡಿಂಗ್ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮೋನೋ (ಒಂದೇ ಚಾನೆಲ್), ಸೆಕೆಂಡಿಗೆ 64 ಕಿಲೋಬಿಟ್, ಒಂದು ಕ್ಲಿಪ್ಪಿಗೆ ಸುಮಾರು 160 ಕೆಬಿ. ಪಿನ್ ಉರುಳುವ ಸದ್ದಿನ ಮಧ್ಯೆ ಕೇಳಿಸಲಿ ಅಂತ ತಗ್ಗು ಸ್ವರ ಕತ್ತರಿಸಿ, ದನಿಯ ಏರಿಳಿತ ಕಮ್ಮಿಯಾಗಲಿ ಅಂತ ಚೆನ್ನಾಗಿ ಕಂಪ್ರೆಸ್ ಮಾಡಿದೆ. ಪುಟ ತೆರೆದ ಕೂಡಲೇ ತಾನಾಗಿ ದನಿ ಬರಲು ಬ್ರೌಸರ್ ಬಿಡುವುದಿಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಹೆಬ್ಬೆರಳಿಗೆ ಸುಲಭವಾಗಿ ಸಿಗುವ ದೊಡ್ಡ ಬಟನ್.

ಈಗ ಗೋಳಿನ ಕಥೆ. ಹಗಲಲ್ಲಿ ಎಲ್ಲ ಕೋಡೂ ಫೋನ್ ಹಿಡಿದ ತಕ್ಷಣ ಓದುತ್ತಿದ್ದವು. ಸಂಜೆ ದೊಡ್ಡ ದೀಪ ಆರಿಸಿ, ಯುವಿ ಅಂದರೆ ಅತಿನೇರಳೆ ಬೆಳಕು ಚೆಲ್ಲುವ ಬ್ಲ್ಯಾಕ್‌ಲೈಟ್ ಹಾಕುತ್ತಾರಲ್ಲ, ಬಿಳಿ ಅಂಗಿ, ಶೂ ಲೇಸು ಎಲ್ಲ ಹೊಳೆಯೋ ಹಾಗೆ, ಆಗ ಒಂದೂ ಓದುವುದಿಲ್ಲ. ಜನ ಜಾಸ್ತಿ ಬರುವುದೇ ಆ ಹೊತ್ತಿಗೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗೆ ಅನ್ನಿಸಿಕೊಳ್ಳಬಾರದು ಅಂತ ಮೊದಲು ನನ್ನನ್ನೇ ಬೈದುಕೊಂಡೆ. ಎರರ್ ಕರೆಕ್ಷನ್, ಅಂದರೆ ಕೋಡ್ ಎಷ್ಟು ಹಾಳಾದರೂ ಓದಬಲ್ಲದು ಅನ್ನೋ ಮಿತಿಯನ್ನು, 15 ಶೇಕಡದ ಎಂ ಮಟ್ಟದಿಂದ 30 ಶೇಕಡದ ಎಚ್‌ಗೆ ಏರಿಸಿದೆ. ಇನ್ನೂ ಕೆಟ್ಟಿತು! ಚೌಕಗಳು ಹೆಚ್ಚಾದವು, ಸ್ಟಿಕ್ಕರ್ ಅಷ್ಟೇ ದೊಡ್ಡದು, ಹಾಗಾಗಿ ಒಂದೊಂದು ಚೌಕವೂ ಸಾಸಿವೆಯಷ್ಟಾಯಿತು. ಸುತ್ತ ನಾಲ್ಕು ಚೌಕದಷ್ಟು ಖಾಲಿ ಅಂಚು ಇದೆಯಾ ಅಂತ ಸ್ಕೇಲ್ ಇಟ್ಟು ಅಳೆದೆ. ಇತ್ತು. ಫೋನ್ ಬದಲಿಸಿದೆ, ಲೆನ್ಸ್ ಒರೆಸಿದೆ, ಎರಡು ರಾತ್ರಿ ಸುಮ್ನೆ ಸರ್ವರ್ ಲಾಗ್ ನೋಡುತ್ತಾ ಕೂತೆ. ಓದದೇ ಇರುವ ಕೋಡ್‌ನಿಂದ ಸರ್ವರ್‌ಗೆ ಏನು ಬರುತ್ತದೆ, ಮಣ್ಣು?

ಬೆಳಕು ಬಿದ್ದದ್ದು ಆಕಸ್ಮಿಕವಾಗಿ. ಪರೀಕ್ಷೆಗೆ ಅಂತ ಮಾಮೂಲಿ ಜೆರಾಕ್ಸ್ ಹಾಳೆಯಲ್ಲಿ ಪ್ರಿಂಟ್ ಹಾಕಿದ ಕೋಡ್ ಒಂದು ಮೇಜಿನ ಮೇಲೆ ಬಿದ್ದಿತ್ತು. ಬ್ಲ್ಯಾಕ್‌ಲೈಟ್ ಬಿದ್ದ ಕೂಡಲೇ ಅದು ಟ್ಯೂಬ್‌ಲೈಟಿನ ಹಾಗೆ ಹೊಳೆಯಿತು. ಪಕ್ಕದಲ್ಲೇ ಇದ್ದ ನನ್ನ ಸ್ಟಿಕ್ಕರ್ ಬದನೆಕಾಯಿ ಬಣ್ಣದಲ್ಲಿ ಮುಖ ಊದಿಸಿಕೊಂಡು ಕೂತಿತ್ತು. ಹಾಳೆಯ ಕೋಡ್‌ಗೆ ಫೋನ್ ಹಿಡಿದೆ, ತಕ್ಷಣ ಓದಿತು. ಅದೇ ಹಾಳೆಯ ಮೇಲೆ ಲ್ಯಾಮಿನೇಷನ್ ತುಂಡು ಇಟ್ಟೆ. ಸತ್ತಿತು!

ಕಾರಣ ಇಷ್ಟೇ. ಬಿಳಿ ಹಾಳೆ ಇನ್ನೂ ಬೆಳ್ಳಗೆ ಕಾಣಲಿ ಅಂತ ಅದರಲ್ಲಿ ಆಪ್ಟಿಕಲ್ ಬ್ರೈಟನರ್ ಅನ್ನೋ ಪದಾರ್ಥ ಬೆರೆಸಿರುತ್ತಾರೆ. ಅದು ಕಣ್ಣಿಗೆ ಕಾಣದ ಯುವಿ ಬೆಳಕನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಟೋನರಿನ ಕಪ್ಪು ಕಪ್ಪಾಗೇ ಉಳಿಯುತ್ತದೆ. ಆದರೆ ಬಣ್ಣ ಮಾಸಬಾರದು ಅಂತ ನಾನು ಕಾಸು ಜಾಸ್ತಿ ಕೊಟ್ಟು ತರಿಸಿದ್ದು ಯುವಿ ತಡೆಯುವ ಲ್ಯಾಮಿನೇಷನ್ ಹಾಳೆ. ಅದು ತನ್ನ ಕೆಲಸ ನಿಯತ್ತಾಗಿ ಮಾಡಿದೆ ಪಾಪ. ಯುವಿ ಒಳಗೇ ಹೋಗದಿದ್ದರೆ ಕಾಗದ ಹೊಳೆಯುವುದು ಹೇಗೆ? ಬಿಳಿಯೂ ಕಪ್ಪು, ಕಪ್ಪೂ ಕಪ್ಪು. ಈ ಸಲ ನಿಜಕ್ಕೂ ನೆಲವೇ ಡೊಂಕಾಗಿತ್ತು.

ಯುವಿ ತಡೆಯದ ಹಾಳೆ ಬೇಕು ಅಂತ ಅಂಗಡಿಯವರಿಗೆ ಕೇಳಿದೆ. "ಸರ್, ಯಾರೂ ಕಮ್ಮಿ ಕ್ವಾಲಿಟಿ ಕೇಳಲ್ಲ" ಅಂದರು. ಕೊನೆಗೆ ಕಳಿಸಿದ್ದು ಹೊಳಪಿನ ಗ್ಲಾಸಿ. ನಾನು ಕೇಳಿದ್ದು ಹೊಳಪಿಲ್ಲದ ಮ್ಯಾಟ್. ಗ್ಲಾಸಿ ಹಾಕಿದರೆ ತಿರುಗುವ ಬಣ್ಣದ ದೀಪವೆಲ್ಲ ಕೋಡ್ ಮೇಲೇ ಕುಣಿಯುತ್ತದೆ. ಇನ್ನೊಂದು ವಾರ ಹೋಯಿತು.

ಮ್ಯಾಟ್ ಬಂದ ಮೇಲೆ ಉಲ್ಟಾ ತೊಂದರೆ. ಸುತ್ತ ಕತ್ತಲು, ನಡುವೆ ಹೊಳೆಯುವ ಕಾಗದ. ಕ್ಯಾಮೆರಾ ಕತ್ತಲಿಗೆ ತಕ್ಕಂತೆ ಎಕ್ಸ್‌ಪೋಷರ್ ಏರಿಸುತ್ತದೆ, ಬಿಳಿ ಉಕ್ಕಿ ಕಪ್ಪು ಚೌಕಗಳನ್ನು ನುಂಗುತ್ತದೆ. ಇದಕ್ಕೆ ಚೌಕ ದೊಡ್ಡದು ಮಾಡುವುದೇ ದಾರಿ. ಲಿಂಕ್ ಗಿಡ್ಡ ಮಾಡಿ, ಪೂರ್ತಿ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಲ್ಲಿ ಬರೆದೆ. ಆಗ ಕೋಡ್ ಆಲ್ಫಾನ್ಯೂಮರಿಕ್ ಮೋಡ್ ಹಿಡಿಯುತ್ತದೆ: ಅಂಕಿ, ಕ್ಯಾಪಿಟಲ್ ಅಕ್ಷರ, ಕೆಲವು ಚಿಹ್ನೆ ಮಾತ್ರ, ಹಾಗಾಗಿ ಕಮ್ಮಿ ಜಾಗ ಸಾಕು. ವರ್ಷನ್ 2 ಅನ್ನೋ ಸಣ್ಣ ಅಳತೆಯ ಕೋಡ್ ಎಂ ಮಟ್ಟದಲ್ಲಿ 38 ಅಕ್ಷರ ಹಿಡಿಸುತ್ತದೆ, ಸಣ್ಣ ಅಕ್ಷರವನ್ನೂ ಒಪ್ಪುವ ಬೈಟ್ ಮೋಡ್‌ನಲ್ಲಾದರೆ ಬರೀ 26. ಸರ್ವರ್ ಕ್ಯಾಪಿಟಲ್ ಅಕ್ಷರದ ಲಿಂಕನ್ನೂ ಒಪ್ಪುವ ಹಾಗೆ ಮಾಡಲು ಮರೆಯಬೇಡಿ. ನಾನು ಮರೆತಿದ್ದೆ. ಈಗ 25ಕ್ಕೆ 25 ಚೌಕ, ದಪ್ಪಗೆ, ನೀಟಾಗಿ.

ನಿನ್ನೆ ಸಂಜೆ ಬ್ಲ್ಯಾಕ್‌ಲೈಟ್ ಹಾಕಿದ ಮೇಲೆ ಒಂದೊಂದೇ ಲೇನ್‌ಗೆ ಹೋಗಿ ನೋಡಿದೆ. ಎಲ್ಲವೂ ಓದಿದವು. ಒಂಬತ್ತನೇ ಲೇನ್ ಮಾತ್ರ ಎರಡು ಸಲ ಕೇಳಿತು. ಅದರ ಮೇಲೆ ಯಾರೋ ಸಾಸ್ ಚೆಲ್ಲಿದ್ದರು.

ಅಂದ ಹಾಗೆ, ಕಣ್ಣು ಕಾಣದ ಆಟಗಾರರು ಈ ಕೋಡನ್ನು ಹುಡುಕುವುದಾದರೂ ಹೇಗೆ ಅಂತ ತಲೆಗೆ ಬಂದಾಗಿನಿಂದ ಎನ್‌ಎಫ್‌ಸಿ ಟ್ಯಾಗ್ (ಹತ್ತಿರ ಹಿಡಿದ ಫೋನಿಗೆ ರೇಡಿಯೋ ಮೂಲಕ ಲಿಂಕ್ ಕೊಡುವ ಪುಟ್ಟ ಚಿಪ್) ಹುಚ್ಚು ಹಿಡಿದಿದೆ. ಬೆರಳಿಗೆ ಸಿಗುವಂಥ ಉಬ್ಬು ಅಂಚು, ಅದರೊಳಗೆ ಟ್ಯಾಗ್, ಫೋನ್ ತಾಕಿಸಿದರೆ ಸಾಕು. ಬೆಳಕಿನ ಗೊಡವೆಯೇ ಇಲ್ಲ. ಆದರೆ ಮೇಜಿನ ಮೇಲ್ಭಾಗ ಲೋಹದ್ದು, ಮಾಮೂಲಿ ಟ್ಯಾಗ್ ಅಲ್ಲಿ ಬಾಯೇ ಬಿಡುವುದಿಲ್ಲ. ಹಿಂದೆ ಲೋಹದ ಅಡ್ಡಿ ತಡೆಯುವ ಫೆರೈಟ್ ಅನ್ನೋ ಕಾಂತೀಯ ಪದಾರ್ಥದ ಪದರ ಇರುವುದೇ ಬೇಕು. ಹತ್ತು ಆರ್ಡರ್ ಮಾಡಿದ್ದೇನೆ, ಅದೇ ಅಂಗಡಿಯಿಂದ. ಬೇರೆ ಯಾರ ಹತ್ತಿರವೂ ಇಲ್ಲ, ಏನು ಮಾಡೋದು.